ಕೈಗೆಟುಕುವ ಗಂಡ

ಲೆಸ್ಟರ್ ಪ್ರಾಕ್ನೋ ಅವರು ಅಷ್ಟೊಂದು ಒಳ್ಳೆಯವರಾಗಿರದಿದ್ದರೆ ಆರಿನ್ ಹ್ಯಾಲ್ವರ್‌ಸನ್‌ಗೆ ಆ ಶುಕ್ರವಾರ ಯಾವ ತಾಪತ್ರಯವೂ ಬರುತ್ತಿರಲಿಲ್ಲ. ಟ್ಯಾಮರಾಕ್ ಊರಿನ ಹಾಸಿಗೆ ಕಾರ್ಖಾನೆ ಲೆಸ್ಟರ್ ಅವರದು. ವಿಸ್ಕಾನ್ಸಿನ್‌ನ ಆ ಮೂಲೆಯಲ್ಲಿ ಮದುವೆಯಾದವರೆಲ್ಲ ಮಲಗುತ್ತಿದ್ದದ್ದು ಅವರ ಹಾಸಿಗೆಯ ಮೇಲೆ. ಮದುವೆಯಾಗಿ ಜಗಳವಾಡಿದವರು ಮಲಗುತ್ತಿದ್ದದ್ದು ಅವರದೇ ಸೋಫಾದ ಮೇಲೆ. ಆರಿನ್ ಸೇರಿ ಇಪ್ಪತ್ತು ಚಿಲ್ಲರೆ ಕೆಲಸಗಾರರು. ಅವರೆಲ್ಲರ ಆರೋಗ್ಯ ವಿಮೆಯ ಕಂತನ್ನು ಲೆಸ್ಟರ್ ತಮ್ಮ ಜೇಬಿನಿಂದಲೇ ಕಟ್ಟುತ್ತಿದ್ದರು. ಅದಕ್ಕಾಗಿ ಯಾರ ಸಂಬಳಕ್ಕೂ ಕೈ ಹಾಕಿದವರಲ್ಲ. ಆದರೆ ಹೆಂಡತಿ ಮಕ್ಕಳನ್ನೂ ಆ ವಿಮೆಗೆ ಸೇರಿಸಬೇಕು ಎಂದರೆ ಆ ಭಾರ ಕೆಲಸಗಾರನದು, ಅದು ಮೂಗಿಗಿಂತ ಮೂಗುತಿ ಭಾರ. ಆರಿನ್ ಸೇರಿಸಲು ಹೋಗಿದ್ದರೆ ಅವನ ಸಂಬಳದ ಹತ್ತಿರ ಹತ್ತಿರ ಅರ್ಧ ಅದಕ್ಕೇ ಮುಗಿಯುತ್ತಿತ್ತು.

ಹೀಗಾಗಿ ಆ ಮನೆಯಲ್ಲಿ ಕಾಯಿಲೆ ಬೀಳುವ ಅನುಕೂಲವಿದ್ದದ್ದು ಆರಿನ್‌ಗೆ ಒಬ್ಬನಿಗೇ. ಅವನಿಗೋ ಒಂದು ನೆಗಡಿಯೂ ಬರುತ್ತಿರಲಿಲ್ಲ. ಅವನ ಹೆಂಡತಿ ಟ್ವೈಲಾಳ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ತೆಗೆಸಿಬಿಡಿ ಎಂದು ಡಾಕ್ಟರು ಬೇಸಗೆಯಲ್ಲೇ ಹೇಳಿದ್ದರು. ತೆಗೆಸುವ ಖರ್ಚು ಕೇಳಿ ಬಂದ ಮೇಲೆ ಗಂಡ ಹೆಂಡತಿ ಆ ವಿಷಯವನ್ನು ಎತ್ತುವುದನ್ನೇ ಬಿಟ್ಟಿದ್ದರು. ನೋವು ಬಂದಾಗ ಟ್ವೈಲಾ ಪಕ್ಕೆಗೆ ಅಂಗೈ ಒತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಏನಾದರೂ ಕೇಳಿದರೆ "ಹಕ್ಕಿ ನೋಡ್ತಿದೀನಿ" ಎನ್ನುತ್ತಿದ್ದಳು. ಆರಿನ್‌ಗೆ ಆ ಹಕ್ಕಿಗಳ ಮೇಲೆ ದ್ವೇಷ ಬಂದಿತ್ತು.

ಆ ಶುಕ್ರವಾರ, ಡಿಸೆಂಬರ್ ತಿಂಗಳ ನಡುವೆ, ಸರ್ಕಾರದ ಸಹಾಯದ ವಿಮೆಗೆ ಅರ್ಜಿ ಹಾಕಲು ಕಡೆಯ ದಿನ. ಹೊಸ ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಕಂತು ಕಟ್ಟಲಾರದವರಿಗೆ ಸರ್ಕಾರ ಕೈ ಹಿಡಿಯುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಬೆಳಿಗ್ಗೆ ಆರಿನ್ ಕೆಲಸಕ್ಕೆ ಮೊದಲು ಊರ ಗ್ರಂಥಾಲಯಕ್ಕೆ ಹೋದ. ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಆರಿನ್ ಕಣ್ಣು ತೆರೆದುಕೊಂಡೇ ಕನಸು ಕಾಣುವ ಜಾತಿ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಟ್ವೈಲಾ ಬಿಳಿಯ ಮಂಚದ ಮೇಲೆ ಮಲಗಿದ್ದಳು, ನಗುಮೊಗದ ನರ್ಸು ಪುಟ್ಟ ಗಾಜಿನ ಶೀಸೆಯಲ್ಲಿ ಕಲ್ಲುಗಳನ್ನು ತಂದು ಅವನ ಕೈಗೆ ಕೊಟ್ಟಳು. ಗ್ರಂಥಾಲಯ ಬಂದದ್ದು ಗೊತ್ತಾಗದೆ ಅವನು ಅಂಚೆಕಚೇರಿಯವರೆಗೂ ಹೋಗಿ ವಾಪಸು ಬಂದ.

ಅರ್ಜಿ ಹಾಕುವವರಿಗೆ ನೆರವಾಗಲು ಅಲ್ಲಿ ಕೂತಿದ್ದವರು ಮಿಸೆಸ್ ಓಡೆಗಾರ್ಡ್. ಆರಿನ್‌ಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಈಗ ನಿವೃತ್ತಿಯಾಗಿ, ಇಡೀ ಊರಿಗೇ ಪಾಠ ಹೇಳುತ್ತಿದ್ದರು.

"ನಿನ್ನೊಬ್ಬನ ಇನ್ಶೂರೆನ್ಸಿಗೆ ಸಂಬಳದಲ್ಲಿ ಎಷ್ಟು ಹಿಡೀತಾರೆ?" ಎಂದು ಕೇಳಿದರು.

"ಏನೂ ಹಿಡಿಯಲ್ಲ ಮೇಡಂ. ಎಲ್ಲಾ ಲೆಸ್ಟರೇ ಕಟ್ತಾರೆ."

"ಅಯ್ಯೋ ಪಾಪ" ಎಂದರು ಮಿಸೆಸ್ ಓಡೆಗಾರ್ಡ್, ಕನ್ನಡಕ ತೆಗೆದು. "ಹಂಗಾದ್ರೆ ಕಷ್ಟ ಕಣಪ್ಪ."

"ಯಾಕೆ?"

"ಕಾನೂನು ಕೇಳೋದು ಒಂದೇ ಪ್ರಶ್ನೆ. ಆರಿನ್‌ಗೆ ಆರಿನ್ ಒಬ್ಬನ ಇನ್ಶೂರೆನ್ಸು ಕೈಗೆಟುಕುತ್ತಾ? ಎಟುಕುತ್ತೆ. ಹಂಗಾದ್ರೆ ಅವನ ಹೆಂಡತೀದೂ ಎಟುಕುತ್ತೆ, ಮಕ್ಕಳದೂ ಎಟುಕುತ್ತೆ, ಸರ್ಕಾರದ ಸಹಾಯ ಅವರಿಗೆ ಬೇಕಾಗಿಲ್ಲ. ಮುಗೀತು."

"ಅವರದು ಎಟುಕಲ್ವಲ್ಲ ಮೇಡಂ."

"ಅದನ್ನ ಕಾನೂನು ಕೇಳೋದೇ ಇಲ್ಲ."

ಆರಿನ್ ಸ್ವಲ್ಪ ಹೊತ್ತು ಯೋಚಿಸಿದ. "ಅಂದ್ರೆ ನನ್ನ ಕಾಲಿಗೆ ಬೂಟು ಇದ್ರೆ ನಮ್ಮ ಮನೇವ್ರೆಲ್ಲರ ಕಾಲೂ ಬೆಚ್ಚಗಿದೆ ಅಂತ ಲೆಕ್ಕ."

"ಮೂರನೇ ಕ್ಲಾಸಲ್ಲೂ ನೀನು ಹಿಂಗೇ ಇದ್ದೆ. ನಿಧಾನ, ಆದ್ರೆ ತಿಳ್ಕೊಂತಿದ್ದೆ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿನ್ನ ಯಜಮಾನ ಒಂಚೂರು ಜಿಪುಣ ಆಗಿದ್ದಿದ್ರೆ ನೀವು ಬದುಕ್ಕೊಳ್ತಿದ್ರಿ. ಸಂಬಳದ ಹತ್ತರಲ್ಲೊಂದು ಪಾಲು ನಿನ್ನಿಂದ ಹಿಡಿಯೋ ಹಂಗಿದ್ದಿದ್ರೆ, ಅದು ಕೈಗೆಟುಕದ ಇನ್ಶೂರೆನ್ಸು ಅಂತ ಆಗ್ತಿತ್ತು. ಆಗ ನೀನು ಅದನ್ನ ಬಿಟ್ಟು ಬಂದ್ರೆ ನಿಮ್ಮ ನಾಲ್ಕೂ ಜನಕ್ಕೆ ಸಹಾಯ ಸಿಗ್ತಿತ್ತು. ಟ್ವೈಲಾಗೆ ಫೆಬ್ರವರಿ ಒಳಗೆ ಆಪರೇಷನ್ನೂ ಆಗಿಹೋಗ್ತಿತ್ತು."

ಅವರು ಮಾತಿಗೆ ಹೇಳಿದ್ದನ್ನು ಆರಿನ್ ಮದ್ದಿನ ಚೀಟಿಯ ಹಾಗೆ ಹಿಡಿದುಕೊಂಡ. "ಲೆಸ್ಟರ್ ಇವತ್ತು ಹಿಡೀತೀನಿ ಅಂತ ಒಪ್ಕೊಂಡ್ರೆ?"

ಮಿಸೆಸ್ ಓಡೆಗಾರ್ಡ್ ಅವನನ್ನೇ ನೋಡಿದರು. ನಲವತ್ತು ವರ್ಷ ಪಾಠ ಹೇಳಿದವರಿಗೂ ಅಂಥ ಪ್ರಶ್ನೆ ಹೊಸದು. "ಹಿಮ ಜಾಸ್ತಿ ಅಂತ ಮಧ್ಯಾಹ್ನಕ್ಕೇ ಇಲ್ಲಿ ಬಾಗಿಲು ಹಾಕ್ತಾರೆ. ಸಾಯಂಕಾಲ ನಾನು ಊರ ಕ್ಲಬ್ಬಲ್ಲಿ ಶುಕ್ರವಾರದ ಮೀನಿನ ಊಟಕ್ಕೆ ಬರ್ತೀನಿ, ಕಂಪ್ಯೂಟ್ರು ಜೊತೆಗೇ ಇರುತ್ತೆ. ಲೆಸ್ಟರ್ ಬಾಯಿಂದ ನನ್ನೆದುರಿಗೆ ಆ ಮಾತು ಬಂದ್ರೆ ಅಲ್ಲೇ ಅರ್ಜಿ ಕಳಿಸ್ತೀನಿ. ಸುಳ್ಳು ಮಾತ್ರ ಬರೆಯಲ್ಲ, ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಮೂರನೇ ಕ್ಲಾಸಿನಲ್ಲಿ ಅವನನ್ನು ಅವರು ಒಮ್ಮೆ ಫೇಲು ಮಾಡಿದ್ದರು.

ಕಾರ್ಖಾನೆಗೆ ಬಂದವನು ಹೊಲಿಗೆ ಯಂತ್ರದ ಮುಂದೆ ಕೂತು, ಹಾಸಿಗೆಯ ಅಂಚು ಹೊಲಿಯುತ್ತ, ಸಂಬಳ ಕಡಿಮೆ ಮಾಡಿ ಎಂದು ಕೇಳುವುದು ಹೇಗೆ ಎಂದು ಮಾತು ಜೋಡಿಸತೊಡಗಿದ. ಹೆಚ್ಚು ಕೊಡಿ ಎಂದು ಕೇಳಲು ಲೋಕದಲ್ಲಿ ನೂರು ದಾರಿ ಇವೆ, ಇದಕ್ಕೆ ಒಂದೂ ಇರಲಿಲ್ಲ. ಯೋಚನೆಯಲ್ಲಿ ಒಂದೇ ಅಂಚನ್ನು ಎರಡು ಸಲ ಹೊಲಿದ. ಪಕ್ಕದಲ್ಲಿದ್ದ ವರ್ನಾ ಅದನ್ನು ನೋಡಿದಳು. ಹೊಲಿಗೆ ವಿಭಾಗಕ್ಕೆ ವರ್ನಾಳೇ ಹಿರಿಯಳು. ಅವಳಿಂದ ಗುಟ್ಟು ಮುಚ್ಚಿಡುವುದೂ ಒಂದೇ, ಜರಡಿಯಲ್ಲಿ ನೀರು ಹಿಡಿಯುವುದೂ ಒಂದೇ. ಕಾಫಿಯ ಹೊತ್ತಿಗೆ ಎಲ್ಲವನ್ನೂ ಅವನಿಂದ ಹೊರಡಿಸಿದ್ದಳು, ಕಾಫಿ ಆರುವ ಹೊತ್ತಿಗೆ ಎಲ್ಲರಿಗೂ ಹೇಳಿದ್ದಳು.

"ಹಿಡೀರಿ ಅಂತ ನೀನೇ ಹೋಗಿ ಕೇಳ್ತೀಯಾ?" ಎಂದ ಗಾರ್ಡಿ. ಸ್ಪ್ರಿಂಗು ಕೂರಿಸುವವನು, ಆರಿನ್‌ನ ಪಕ್ಕದ ಮನೆಯವನು. "ಮಲಗಿರೋ ನಾಯೀನ ಯಾಕೋ ಎಬ್ಬಿಸ್ತೀಯಾ? ಇವತ್ತು ನಿಂದು ಹಿಡಿದ್ರೆ ನಾಳೆ ನಮ್ಮದೂ ಹಿಡೀತಾರೆ."

"ನನ್ನೊಬ್ಬನದು ಹಿಡಿದ್ರೆ ಸಾಕು ಅಂತ ಹೇಳ್ತೀನಿ."

"ರುಚಿ ನೋಡಿದ್ಮೇಲೆ ಸಾಕು ಅಂತ ಯಾರು ಅಂತಾರೆ?"

"ಇದಕ್ಕೆಲ್ಲ ಸುಲಭದ ದಾರಿ ಇದೆ" ಎಂದಳು ವರ್ನಾ. "ಡೈವೋರ್ಸ್ ತಗೋ. ಸುಮ್ನೆ ಹೆಸರಿಗೆ ಕಣೋ. ಅದೇ ಮನೆ, ಅದೇ ಊಟ. ಟ್ವೈಲಾಗೆ ವರಮಾನ ಇಲ್ಲ ಅಂತಾಗುತ್ತೆ, ಸರ್ಕಾರ ಓಡೋಡಿ ಬರುತ್ತೆ."

"ಚರ್ಚಲ್ಲಿ ಏನಂತಾರೆ?"

"ಅಷ್ಟು ಮುಜುಗರ ಆದ್ರೆ ಅವಳಿಗೆ ಬೇರೆ ಮದುವೆ ಮಾಡು. ನನ್ನ ತಮ್ಮ ಡ್ವೇನ್ ಅಂಚೆ ಇಲಾಖೇಲಿ ಇದಾನಲ್ಲ, ಅವನ ಇನ್ಶೂರೆನ್ಸು ಬಂಗಾರ ಇದ್ದಂಗೆ. ಹಲ್ಲಿಗೂ ಕೊಡ್ತಾರೆ. ಟ್ವೈಲಾ ಅಂದ್ರೆ ಅವನಿಗೆ ಹೈಸ್ಕೂಲಿಂದಲೂ ಗೌರವ."

ಅವಳು ಹಾಸ್ಯ ಮಾಡುತ್ತಿರಲಿಲ್ಲ, ಅದೇ ಭಯ. ಮಿಕ್ಕ ಹೊತ್ತೆಲ್ಲ ಆರಿನ್‌ನ ಕಣ್ಣೆದುರು ಡ್ವೇನ್ ಆರಿನ್‌ನದೇ ಅಡಿಗೆಮನೆಯಲ್ಲಿ, ಆರಿನ್‌ನದೇ ಕುರ್ಚಿಯಲ್ಲಿ, ಕಾಲು ಚಾಚಿ ಕೂತಿದ್ದ. ಟ್ವೈಲಾ ಕಿಟಕಿಯ ಹತ್ತಿರ ನಿಂತಿರಲಿಲ್ಲ, ನೋವಿಲ್ಲದೆ ಓಡಾಡುತ್ತಿದ್ದಳು. ಆ ಕನಸಿನಲ್ಲಿ ಅವನಿಗೆ ತುಂಬ ಹೊಟ್ಟೆ ಉರಿದದ್ದು ನಿಜ. ಅವಳು ಆರಾಮವಾಗಿದ್ದಳಲ್ಲ ಎಂದು ಸಮಾಧಾನವಾದದ್ದೂ ನಿಜ. ಎರಡೂ ಒಟ್ಟಿಗೆ ಬಂದು ಅವನು ಮೂರನೆಯ ಸಲ ಅದೇ ಅಂಚನ್ನು ಹೊಲಿದ.

ಮಧ್ಯಾಹ್ನ ಧೈರ್ಯ ಮಾಡಿ ಲೆಸ್ಟರ್ ಅವರ ಕೋಣೆಗೆ ಹೋದ. ತಾವು ಮಲಗಿ ನೋಡದ ಹಾಸಿಗೆಯನ್ನು ಲೆಸ್ಟರ್ ಮಾರುತ್ತಿರಲಿಲ್ಲ. ಊಟವಾದ ಮೇಲೆ ಹೊಸ ಮಾದರಿಯ ಮೇಲೆ ಬೂಟು ಕಳಚಿ, ಟೈ ಸಡಿಲಿಸಿ, ಮೇಲ್ಛಾವಣಿ ನೋಡುತ್ತ ಮಲಗುವುದು ಅವರ ಪದ್ಧತಿ. ಅವರ ಜೊತೆ ಮಾತಾಡಬೇಕಾದವರು ಅದೇ ಹೊತ್ತಿಗೆ ಹೋಗಬೇಕು.

"ಆ ಕಡೆ ಮಲಕ್ಕೋ" ಎಂದರು ಲೆಸ್ಟರ್, ಯಾರೆಂದು ನೋಡದೆ. "ಒಬ್ಬನೇ ಮಲಗಿದ್ರೆ ಹಾಸಿಗೆ ನಿಜ ಹೇಳಲ್ಲ."

ಆರಿನ್ ಬೂಟು ಬಿಚ್ಚಿ ಆ ಕಡೆ ಮಲಗಿದ. ಹಾಸಿಗೆ ಅವನನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು. ಛಾವಣಿಯ ಗಾಜಿನ ಮೇಲೆ ಹಿಮ ಬೀಳುವುದು ಕಾಣುತ್ತಿತ್ತು. ನೋಡುತ್ತ ನೋಡುತ್ತ ಹಿಮ ಬೀಳುತ್ತಿಲ್ಲ, ತಾವಿಬ್ಬರೇ ಹಾಸಿಗೆಯ ಸಮೇತ ಮೇಲೆ ಹೋಗುತ್ತಿದ್ದೇವೆ ಅನ್ನಿಸಿತು. ಯಜಮಾನನೂ ಆಳೂ ಅಕ್ಕಪಕ್ಕ ಮಲಗಿ ಆಕಾಶಕ್ಕೆ ಹೊರಟಿದ್ದರು. ಅಷ್ಟು ಸುಖವಾಗಿ ಅವನು ವರ್ಷದಿಂದ ಮಲಗಿರಲಿಲ್ಲ.

"ಹೇಳು" ಎಂದರು ಲೆಸ್ಟರ್.

"ನನ್ನ ಇನ್ಶೂರೆನ್ಸಿಗೆ ಅಂತ ಸಂಬಳದಲ್ಲಿ ಹತ್ತರಲ್ಲೊಂದು ಪಾಲು ಹಿಡೀಬೇಕು ಲೆಸ್ಟರ್. ನಿಮಗೆ ತೊಂದರೆ ಇಲ್ಲ ಅಂದ್ರೆ."

ಮುದುಕರು ಮೊದಲ ಸಲ ಅವನ ಕಡೆ ತಿರುಗಿದರು. "ನಾನೇನು ತಪ್ಪು ಮಾಡಿದೆ?" ಎಂದರು. ದನಿಯಲ್ಲಿ ನಿಜವಾದ ನೋವಿತ್ತು.

"ತಪ್ಪೇನಿಲ್ಲ. ನೀವು ಒಳ್ಳೆಯವರಾಗಿರೋದರಿಂದ ಸ್ವಲ್ಪ ತೊಂದರೆ ಆಗ್ತಿದೆ, ಅಷ್ಟೇ." ಆರಿನ್ ಕಾನೂನನ್ನು ವಿವರಿಸಿದ. ಬೂಟಿನ ಹೋಲಿಕೆಯನ್ನೂ ಹೇಳಿದ. ಆಮೇಲೆ ಟ್ವೈಲಾ ಕಿಟಕಿಯ ಹತ್ತಿರ ನಿಲ್ಲುವುದನ್ನು ಹೇಳಿದ. ಮಲಗಿಕೊಂಡು ಹೇಳುತ್ತಿದ್ದದ್ದರಿಂದ ಕಣ್ಣೀರು ಕಿವಿಗೆ ಇಳಿಯಿತು.

"ಹಿಡಿದ್ರೆ ಅವಳಿಗೆ ವಾಸಿ ಆಗುತ್ತಾ?"

"ಆಗುತ್ತೆ."

"ನಮ್ಮಪ್ಪ ಒಂದು ದಿನ ಯಾರ ಸಂಬಳಾನೂ ಮುಟ್ಟಿದೋರಲ್ಲ" ಎಂದು ಲೆಸ್ಟರ್ ನಿಟ್ಟುಸಿರುಬಿಟ್ಟರು. "ಆಗ್ಲಿ. ಟ್ವೈಲಾಗೋಸ್ಕರ ಹಿಡೀತೀನಿ. ಆದ್ರೆ ಒಬ್ಬನಿಗೊಂದು ಇನ್ನೊಬ್ಬನಿಗೊಂದು ಮಾಡೋನಲ್ಲ ನಾನು. ಹಿಡಿದ್ರೆ ಎಲ್ಲರದೂ ಹಿಡೀಬೇಕು. ಸಾಯಂಕಾಲ ನಾನೇ ಬಂದು ನಿಮ್ಮ ಮೇಡಂಗೆ ಹೇಳ್ತೀನಿ."

ಎಲ್ಲರದೂ ಎಂಬ ಮಾತಿಗೆ ಆರಿನ್ ಏನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಹಾಸಿಗೆ ಅವನನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಿತು. ನರ್ಸು ಮತ್ತೆ ಬಂದಳು, ಶೀಸೆಯಲ್ಲಿ ಕಲ್ಲುಗಳು ಗಲಗಲ ಎಂದವು.

ಎಚ್ಚರವಾದಾಗ ಪಕ್ಕದಲ್ಲಿ ಲೆಸ್ಟರ್ ಇರಲಿಲ್ಲ. ಬಾಗಿಲಲ್ಲಿ ವರ್ನಾ, ಗಾರ್ಡಿ, ಅವರ ಹಿಂದೆ ಇಡೀ ಕಾರ್ಖಾನೆ ನಿಂತು ಅವನು ಮಲಗಿರುವುದನ್ನು ನೋಡುತ್ತಿತ್ತು. ಲೆಸ್ಟರ್ ಹೋಗುವಾಗ ಎಲ್ಲರಿಗೂ ಹೇಳಿ ಹೋಗಿದ್ದರು.

"ನಿದ್ದೆ ಚೆನ್ನಾಗಿ ಬಂತಾ?" ಎಂದಳು ವರ್ನಾ. "ನಮ್ಮೆಲ್ಲರ ಹತ್ತನೇ ಪಾಲು ಹಾಸ್ಕೊಂಡು ಮಲಗಿದ್ದೆ, ಬರದೇ ಏನು."

ಆ ಊರಿನವರು ಸಿಟ್ಟು ಬಂದರೆ ಕೂಗಾಡುವುದಿಲ್ಲ, ಮರ್ಯಾದೆ ಹೆಚ್ಚಿಸುತ್ತಾರೆ. ಸಾಯಂಕಾಲದವರೆಗೂ ಎಲ್ಲರೂ ಅವನನ್ನು "ಮಿಸ್ಟರ್ ಹ್ಯಾಲ್ವರ್‌ಸನ್" ಎಂದು ಕರೆದರು. ಅವನು ಮನೆಗೆ ಬರುವ ಹೊತ್ತಿಗೆ ಗಾರ್ಡಿ ಮನೆಯ ಮುಂದಿನ ಹಿಮವನ್ನು ಯಂತ್ರ ಹಿಡಿದು ತೆಗೆಯುತ್ತಿದ್ದ. ಪ್ರತಿ ಸಲ ಎರಡೂ ಮನೆಯ ಮುಂದಿನದನ್ನು ತೆಗೆಯುವವನು ಅಂದು ತನ್ನ ಗಡಿಯ ಮೇಲೆ, ದಾರ ಹಿಡಿದ ಹಾಗೆ, ನೇರವಾಗಿ ನಿಲ್ಲಿಸಿ ಟೋಪಿ ಎತ್ತಿ ವಂದಿಸಿ ಒಳಗೆ ಹೋದ. ಆರಿನ್‌ಗೆ ಅವಮಾನವಾಯಿತು. ಆದರೆ ಟ್ವೈಲಾಳ ಮುಖ ನೋಡಿದ ಮೇಲೆ ಅದೂ ಮರೆತುಹೋಯಿತು.

"ಒಪ್ಕೊಂಡ್ರು" ಎಂದ.

ಟ್ವೈಲಾ ಅವನ ಕೋಟಿನ ಗುಂಡಿಯನ್ನು ಸುಮ್ಮನೆ ಹಾಕಿ, ತೆಗೆದು, ಮತ್ತೆ ಹಾಕಿದಳು. ಇಷ್ಟು ದಿನ ಅವಳು ಹೆದರಿದ್ದಳು ಎಂದು ಆರಿನ್‌ಗೆ ಆಗ ಗೊತ್ತಾಯಿತು. ಹಕ್ಕಿ ನೋಡುತ್ತಿದ್ದೇನೆ ಎನ್ನುವಾಗ ಅವಳು ನೋವನ್ನಷ್ಟೇ ಮುಚ್ಚಿಡುತ್ತಿದ್ದಾಳೆ ಎಂದು ಅವನು ನಂಬಿದ್ದ.

ಮಕ್ಕಳನ್ನು ಅವಳ ಅಕ್ಕನ ಮನೆಯಲ್ಲಿ ಬಿಟ್ಟು ಇಬ್ಬರೂ ಕ್ಲಬ್ಬಿಗೆ ಬಂದರು. ಶುಕ್ರವಾರದ ಮೀನಿನ ಊಟಕ್ಕೆ ಊರೆಲ್ಲ ಬಂದಿತ್ತು. ಕರಿದ ಮೀನಿನ ವಾಸನೆ, ಬ್ರಾಂದಿಯ ಘಮ, ಒದ್ದೆ ಕೋಟುಗಳ ಹಬೆ ಸೇರಿ ಇಡೀ ಜಾಗ ಮಂಜು ಕವಿದ ಹಾಗಿತ್ತು. ಕಾರ್ಖಾನೆಯವರ ಮೇಜುಗಳಲ್ಲಿ ಕುರ್ಚಿಗಳು ಖಾಲಿ ಇದ್ದರೂ ಎಲ್ಲದರ ಮೇಲೂ ಯಾರದೋ ಟೋಪಿ ಇಟ್ಟಿತ್ತು. ಕೊನೆಗೆ ಮಿಸೆಸ್ ಓಡೆಗಾರ್ಡ್ ಇಬ್ಬರನ್ನೂ ತಮ್ಮ ಮೇಜಿಗೆ ಕರೆದು ಕೂರಿಸಿಕೊಂಡರು. ಅವರ ತಟ್ಟೆಯ ಪಕ್ಕದಲ್ಲಿ ಕಂಪ್ಯೂಟರು ತೆರೆದಿತ್ತು. ಅರ್ಜಿ ತುಂಬಿ ಸಿದ್ಧವಾಗಿತ್ತು. "ಆ ಒಂದು ಸಾಲು ತುಂಬೋದು ಬಾಕಿ" ಎಂದರು.

ಲೆಸ್ಟರ್ ಬಂದರು. ಹೆಗಲ ಮೇಲೆ ಹಿಮ, ಮುಖದಲ್ಲಿ ಎಂಥದೋ ಕಳೆ. ಕೂರಲಿಲ್ಲ, ಚಮಚದಿಂದ ಗ್ಲಾಸಿಗೆ ಬಡಿದರು.

"ಮೇಡಂ, ನಿಮ್ಮೆದುರಿಗೆ ಹೇಳಬೇಕಂತೆ. ಜನವರಿಯಿಂದ ಇನ್ಶೂರೆನ್ಸಿಗೆ ಅಂತ ನಮ್ಮ ಕೆಲಸಗಾರರ ಸಂಬಳದಲ್ಲಿ ಹಿಡೀತೀನಿ. ಈಗ ಅವರಿಗೆ ಎಷ್ಟು ಬರ್ತಿದೆಯೋ ಅದರ ಹತ್ತನೇ ಒಂದು ಪಾಲು."

ಗಾರ್ಡಿ ಫೋರ್ಕು ಕೆಳಗಿಟ್ಟ. ಮಿಸೆಸ್ ಓಡೆಗಾರ್ಡ್ ತಲೆಯಾಡಿಸಿ ಕೀಲಿಗಳ ಮೇಲೆ ಬೆರಳಿಟ್ಟರು. ಮೇಜಿನ ಕೆಳಗೆ ಟ್ವೈಲಾ ಆರಿನ್‌ನ ಕೈ ಹುಡುಕಿ ಹಿಡಿದುಕೊಂಡಳು. ಅವನಿಗೆ ಜನ್ಮದಲ್ಲಿ ಮೊದಲ ಸಲ, ಒಂದು ಕೆಲಸವನ್ನು ಕೊನೆ ಮುಟ್ಟಿಸಿದೆ ಎಂಬ ಸಂತೋಷವಾಯಿತು.

"ಸಾಕು ಲೆಸ್ಟರ್, ಇನ್ನು ಕೂತ್ಕೊಳಿ" ಎಂದರು ಮಿಸೆಸ್ ಓಡೆಗಾರ್ಡ್.

"ಇನ್ನೂ ಮುಗಿದಿಲ್ಲ" ಎಂದರು ಲೆಸ್ಟರ್. "ಮಧ್ಯಾಹ್ನದಿಂದ ನನ್ನ ಹೊಟ್ಟೆಗೆ ಅನ್ನ ಇಳಿದಿಲ್ಲ. ದುಡಿಯೋರ ಕೈಯಿಂದ ಕಿತ್ಕೊಳ್ಳೋದು ಅಂದ್ರೆ ಏನು ಅಂತ ಯೋಚ್ನೆ ಮಾಡಿದೆ. ಯೋಚ್ನೆ ಮಾಡ್ತಾ ಮಾಡ್ತಾ ಗೊತ್ತಾಯ್ತು, ನಿಮ್ಮ ಸಂಬಳ ಏರಿಸಿ ಎಷ್ಟೋ ವರ್ಷ ಆಗಿದೆ. ನನಗೇ ನಾಚಿಕೆ ಆಯ್ತು. ಅದಕ್ಕೇ, ಎಷ್ಟು ಹಿಡೀತೀನೋ ಅಷ್ಟನ್ನೂ ಎಲ್ಲರ ಸಂಬಳಕ್ಕೂ ಸೇರಿಸ್ತೀನಿ, ಮೇಲೆ ಒಂದು ಹಿಡಿ ಜಾಸ್ತಿ. ಈ ಆರಿನ್ ಬಂದು ಪಕ್ಕ ಮಲಗದೆ ಇದ್ದಿದ್ರೆ ನನಗೆ ಹೊಳೀತಾನೇ ಇರಲಿಲ್ಲ."

ಛಾವಣಿ ಹಾರುವಂಥ ಚಪ್ಪಾಳೆ. ಕುರ್ಚಿಗಳ ಮೇಲಿದ್ದ ಟೋಪಿಗಳು ಮೇಲಕ್ಕೆ ಹಾರಿದವು. ವರ್ನಾ ಬಂದು ಆರಿನ್‌ನ ಕೆನ್ನೆಗೆ ಮುತ್ತು ಕೊಟ್ಟಳು. ಚಳಿಗಾಲವಿಡೀ ನಿಮ್ಮ ಮನೆ ಮುಂದಿನ ಹಿಮ ನನ್ನದು ಎಂದು ಗಾರ್ಡಿ ಎಲ್ಲರೆದುರು ಸಾರಿದ. ಯಾರೋ ಆರಿನ್‌ನ ಮುಂದೆ ಬ್ರಾಂದಿ ಇಟ್ಟರು, ಇನ್ಯಾರೋ ಎರಡನೆಯದನ್ನು ಇಟ್ಟರು.

ಮಿಸೆಸ್ ಓಡೆಗಾರ್ಡ್ ಅವರ ಬೆರಳುಗಳು ಮಾತ್ರ ಕೀಲಿಗಳ ಮೇಲೆ ನಿಂತಲ್ಲೇ ನಿಂತಿದ್ದವು.

"ಮೇಡಂ?" ಎಂದ ಆರಿನ್.

"ಹಿಡಿಯೋದು ಅಷ್ಟೇ ಉಳೀತು. ಸಂಬಳ ದೊಡ್ಡದಾಯ್ತು" ಎಂದರು ಅವರು ಮೆಲ್ಲಗೆ. "ದೊಡ್ಡ ಸಂಬಳದಲ್ಲಿ ಅದು ಹತ್ತನೇ ಪಾಲಿಗೆ ಮುಟ್ಟಲ್ಲ ಕಣಪ್ಪ. ಕೂದಲೆಳೆಯಷ್ಟು ಕಡಿಮೆ. ಕಾನೂನಿನ ಲೆಕ್ಕದಲ್ಲಿ ನೀನು ಮತ್ತೆ ಕೈಗೆಟುಕಿಬಿಟ್ಟೆ."

"ಆ ಕೊನೇ ಮಾತು ನೀವು ಕೇಳಿಸ್ಕೊಂಡಿಲ್ಲ ಅಂತ..."

"ಇಡೀ ಊರೇ ಕೇಳಿಸ್ಕೊಂಡಿದೆ." ಅವರ ಕಣ್ಣೂ ತೇವವಾಗಿತ್ತು. ಆದರೂ ಕಂಪ್ಯೂಟರನ್ನು ಮುಚ್ಚಿದರು.

"ಆರಿನ್ ಮಾತಾಡಲಿ" ಎಂದು ಯಾರೋ ಕೂಗಿದರು. ಎಲ್ಲರೂ ಮೇಜು ಬಡಿದರು. ಆರಿನ್ ಎದ್ದು ನಿಂತ. ಸಂಬಳ ಏರಿಸಬೇಡಿ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಎದುರಿಗೆ ಕಾರ್ಖಾನೆಯವರ ಅಷ್ಟೂ ಮುಖಗಳು ಹಬ್ಬದ ದೀಪದ ಹಾಗೆ ಬೆಳಗುತ್ತಿದ್ದವು. ವರ್ನಾ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೋಗಲಿ, ಇನ್ನೂ ಹೆಚ್ಚು ಹಿಡಿಯಿರಿ ಎಂದು ಕೇಳೋಣವೆಂದರೆ, ಆ ಮನುಷ್ಯ ಇನ್ನೂ ಹೆಚ್ಚು ಕೊಡುತ್ತಾನೆ. ಆರಿನ್ ಟ್ವೈಲಾಳನ್ನು ನೋಡಿದ. ಅವಳಿಗೆ ಗದ್ದಲದಲ್ಲಿ ಮೇಡಂ ಹೇಳಿದ್ದು ಕೇಳಿಸಿರಲಿಲ್ಲ, ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಯಾರಾದರೂ ಏನಾದರೂ ಕೊಟ್ಟರೆ ಆ ಊರಿನವರಿಗೆ ಹೇಳಲು ಬರುವುದು ಒಂದೇ ಮಾತು, ಅದೇ ಅವನ ಬಾಯಿಂದ ಬಂತು.

"ಥ್ಯಾಂಕ್ಸ್ ಲೆಸ್ಟರ್" ಎಂದ. "ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ."

"ಇರಲಿ ಬಿಡಪ್ಪ" ಎಂದರು ಲೆಸ್ಟರ್, ಸಂಕೋಚದಿಂದ.

ಅವನು ಕೂತ ಮೇಲೆ ಟ್ವೈಲಾ ಕಿವಿಯ ಹತ್ತಿರ ಬಂದು ಕೇಳಿದಳು. "ಕಳಿಸಿದ್ರಾ ಅರ್ಜಿ?"

ಆರಿನ್ ಹೇಳಿದ. ಪೂರ್ತಿ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಮುಖವನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು. ತಡೆಯಲು ನೋಡಿದಳು, ಆಗಲಿಲ್ಲ. ಪಕ್ಕೆಗೆ ಅಂಗೈ ಒತ್ತಿ ಹಿಡಿದು, ಮುಖ ಬಿಳಿಚಿಕೊಂಡು, ಮೇಜಿನ ಮೇಲೆ ಬಗ್ಗಿ ನಕ್ಕಳು.

"ಸಾಕು ಕಣೋ, ನಗಿಸಬೇಡ" ಎಂದಳು ಉಸಿರು ಸಿಕ್ಕಾಗ. "ನಕ್ರೆ ಬಹಳ ನೋಯುತ್ತೆ."